ಪಬ್‌ನಲ್ಲಿ ಲೈವ್ ಮ್ಯೂಸಿಕ್, ಪಕ್ಕದ ಮನೆಯಲ್ಲಿ ನಿದ್ದೆಗೇಡು: ಮೊದಲು ಬಂದವರು ಯಾರೆಂದು ಕಾನೂನು ಕೇಳುತ್ತದೆಯೇ?

ಹೈದರಾಬಾದ್: ನಗರದ ಪಬ್‌ಗಳು ಹೆಚ್ಚಾಗಿ ಇರುವುದು ಜುಬಿಲಿ ಹಿಲ್ಸ್, ಬಂಜಾರಾ ಹಿಲ್ಸ್, ಮಾದಾಪುರ, ಗಚ್ಚಿಬೌಲಿ ಕಡೆ. ಆದರೆ ಅವುಗಳ ಹಣೆಬರಹ ಬರೆಯುವ ಕಡತಗಳು ಓಡಾಡುವುದು ಹಳೆಯ ಬಡಾವಣೆಯಾದ ನಾಂಪಲ್ಲಿಯಲ್ಲಿ. ಬಾರ್ ಲೈಸೆನ್ಸ್ ನೋಡಿಕೊಳ್ಳುವ ತೆಲಂಗಾಣ ಅಬಕಾರಿ ಇಲಾಖೆಯ ಕೇಂದ್ರ ಕಚೇರಿ 'ಅಬಕಾರಿ ಭವನ' ಇರುವುದು ಇಲ್ಲೇ. ಜುಬಿಲಿ ಹಿಲ್ಸ್, ಬಂಜಾರಾ ಹಿಲ್ಸ್‌ನ ಪಬ್ ಮೇಲೆ ಪೊಲೀಸರು ಕೇಸು ಹಾಕಿದರೆ ಮಾಲೀಕರು ಹತ್ತಬೇಕಾದ ಕ್ರಿಮಿನಲ್ ಕೋರ್ಟ್ ಮೆಟ್ಟಿಲುಗಳೂ ನಾಂಪಲ್ಲಿಯವೇ.

ಬೆಂಗಳೂರಿನ ಇಂದಿರಾನಗರ, ಕೋರಮಂಗಲ ಇರಲಿ, ಹೈದರಾಬಾದಿನ ಜುಬಿಲಿ ಹಿಲ್ಸ್ ಇರಲಿ, ಲಂಡನ್ ಅಥವಾ ಮೆಲ್ಬರ್ನ್ ಇರಲಿ, ಜಗಳದ ಸ್ವರೂಪ ಒಂದೇ. ಒಂದು ಕಡೆ ಗಿಟಾರ್, ಡ್ರಮ್ಸ್, ಹಾಡುಗಾರರು, ಅವರನ್ನೇ ನಂಬಿದ ವೇದಿಕೆ. ಇನ್ನೊಂದು ಕಡೆ ಮಗುವನ್ನು ಮಲಗಿಸಬೇಕಾದ, ಬೆಳಗ್ಗೆ ಕೆಲಸಕ್ಕೆ ಹೋಗಬೇಕಾದ ನೆರೆಮನೆಯವರು. ಇಬ್ಬರೂ ಹೇಳುವ ಮಾತು ಒಂದೇ: "ನಾವು ಮೊದಲು ಬಂದವರು". ಈ ಮಾತಿಗೆ ಕಾನೂನಿನಲ್ಲಿ ಎಷ್ಟು ಬೆಲೆ ಇದೆ? ಲೈವ್ ಸಂಗೀತದ ಜಾಗಗಳು ಯಾಕೆ ಮುಚ್ಚುತ್ತಿವೆ? ಇದಕ್ಕೆ ಬೇರೆ ದೇಶಗಳು ಕಂಡುಕೊಂಡ ದಾರಿ ಏನು? ಇಲ್ಲಿದೆ ವಿವರ.

2022ರ ಹೈಕೋರ್ಟ್ ಆದೇಶ: ಮದ್ಯ ಇರಲಿ, ಸಂಗೀತ ಬೇಡ

ಜುಬಿಲಿ ಹಿಲ್ಸ್ ಮೂಲತಃ 1960ರ ದಶಕದಲ್ಲಿ ಗೃಹ ನಿರ್ಮಾಣ ಸಹಕಾರ ಸಂಘದ ಮೂಲಕ ಬೆಳೆದ ವಸತಿ ಬಡಾವಣೆ. ಐಟಿ ಉದ್ಯಮ ಪಶ್ಚಿಮಕ್ಕೆ ಹಬ್ಬಿದಂತೆ ಇಲ್ಲಿನ ದೊಡ್ಡ ರಸ್ತೆಗಳಲ್ಲಿ ಅಂಗಡಿ, ಹೋಟೆಲ್, ನಂತರ ಪಬ್‌ಗಳು ಬಂದವು. ತಡರಾತ್ರಿಯ ಸದ್ದು, ರಸ್ತೆಯಲ್ಲಿ ಪಾರ್ಕಿಂಗ್, ಕುಡಿದವರ ಗಲಾಟೆ ಬಗ್ಗೆ ನಿವಾಸಿಗಳ ಸಂಘ ತೆಲಂಗಾಣ ಹೈಕೋರ್ಟ್ ಮೊರೆ ಹೋಯಿತು.

2022ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ಮಧ್ಯಂತರ ಆದೇಶ ನೀಡಿ, ರಾತ್ರಿ 10 ಗಂಟೆಯ ನಂತರ ಪಬ್‌ಗಳಲ್ಲಿ ಸಂಗೀತ ಹಾಕುವಂತಿಲ್ಲ ಎಂದಿತು. ಲೈಸೆನ್ಸ್ ಪ್ರಕಾರ ಮದ್ಯ, ಊಟ ಕೊಡಲು ಅಡ್ಡಿಯಿಲ್ಲ, ಸದ್ದು ಮಾತ್ರ ಕೂಡದು ಎಂಬುದು ಅದರ ತಿರುಳು. ಜನವಸತಿ ಪ್ರದೇಶದಲ್ಲಿ ಪಬ್‌ಗಳಿಗೆ ಅನುಮತಿ ಸಿಕ್ಕಿದ್ದು ಹೇಗೆ ಎಂಬ ಪ್ರಶ್ನೆಯೂ ಎದ್ದಿತು. ಕೆಲವೇ ವಾರಗಳಲ್ಲಿ ವಿಷಯ ವಿಭಾಗೀಯ ಪೀಠದ ಮುಂದೆ ಬಂತು. ಆಗ ನಿರ್ಬಂಧವನ್ನು ಇಡೀ ನಗರದ ಬದಲು ಜುಬಿಲಿ ಹಿಲ್ಸ್‌ನ 10 ಪಬ್‌ಗಳಿಗೆ ಸೀಮಿತಗೊಳಿಸಲಾಯಿತು.

ಹೈದರಾಬಾದಿನಲ್ಲಿ ಮನರಂಜನಾ ಸ್ಥಳಗಳ ಮೇಲೆ ಪೊಲೀಸರಿಗೆ ಅಧಿಕಾರ ಕೊಡುವ ಕಾಯ್ದೆಯೂ ಇವತ್ತಿನದಲ್ಲ. 'ಹೈದರಾಬಾದ್ ನಗರ ಪೊಲೀಸ್ ಕಾಯ್ದೆ, 1348 ಫಸಲಿ' ನಿಜಾಮರ ಕಾಲದ್ದು. ಹೆಸರಿನಲ್ಲಿರುವ ಇಸವಿಯೇ ಫಸಲಿ ಪಂಚಾಂಗದ್ದು. ಎಲೆಕ್ಟ್ರಿಕ್ ಗಿಟಾರ್, ಸಬ್‌ವೂಫರ್ ಈ ಕಡೆ ಕಾಲಿಡುವ ಮೊದಲಿನ ಕಾನೂನು ಇವತ್ತಿನ ಪಬ್‌ಗೂ ಅನ್ವಯ.

ನಾಂಪಲ್ಲಿಗೂ ಸದ್ದು ಹೊಸದಲ್ಲ

ನಾಂಪಲ್ಲಿಯಲ್ಲಿ ಪ್ರತಿ ವರ್ಷ ಜನವರಿ 1ರಿಂದ ಸುಮಾರು ಒಂದೂವರೆ ತಿಂಗಳು 'ನುಮಾಯಿಶ್' ನಡೆಯುತ್ತದೆ. 1938ರಲ್ಲಿ ಪಕ್ಕದ ಪಬ್ಲಿಕ್ ಗಾರ್ಡನ್‌ನಲ್ಲಿ ಶುರುವಾದ ಈ ವಸ್ತುಪ್ರದರ್ಶನ 1946ರಲ್ಲಿ ಈಗಿನ ಎಕ್ಸಿಬಿಷನ್ ಮೈದಾನಕ್ಕೆ ಬಂತು. ಮೈಕಿನ ಕೂಗು, ಆಟದ ಚಕ್ರಗಳ ಗದ್ದಲ, ಜನಜಾತ್ರೆ ಎಲ್ಲವೂ ಅಲ್ಲಿರುತ್ತವೆ. ಹತ್ತಿರದಲ್ಲೇ ಇರುವ ಯೂಸುಫೈನ್ ದರ್ಗಾದಲ್ಲಿ ಕವ್ವಾಲಿ ಕೇಳಲು ದೂರದಿಂದ ಜನ ಬರುತ್ತಾರೆ. ಪಬ್ಲಿಕ್ ಗಾರ್ಡನ್‌ನ 'ಲಲಿತ ಕಲಾ ತೋರಣಂ' ಬಯಲು ರಂಗಮಂದಿರ.

ಇವುಗಳಿಗೂ ಪಬ್‌ಗೂ ಇರುವ ವ್ಯತ್ಯಾಸವೇನು? ನುಮಾಯಿಶ್ ಯಾವಾಗ ಶುರು, ಯಾವಾಗ ಮುಗಿಯುತ್ತದೆ ಎಂದು ಊರಿಗೇ ಗೊತ್ತು. ಜಾಗ ಬದಲಾಗುವುದಿಲ್ಲ. ಅಲ್ಲಿ ಮನೆ ಮಾಡುವವರು ತಿಳಿದೇ ಮಾಡುತ್ತಾರೆ. ಪಬ್ ಹಾಗಲ್ಲ. ನಿನ್ನೆ ಮನೆಯಾಗಿದ್ದ ಕಟ್ಟಡದ ಮಹಡಿ ಮೇಲೆ ಇವತ್ತು ಡ್ರಮ್ಸ್ ಬರಬಹುದು. ವಾರಕ್ಕೊಂದು ದಿನ ಇದ್ದ ಕಾರ್ಯಕ್ರಮ ದಿನವೂ ಆಗಬಹುದು. ಅಕ್ಕಪಕ್ಕದವರನ್ನು ಯಾರೂ ಕೇಳುವುದಿಲ್ಲ. ಅರ್ಧ ಜಗಳ ಹುಟ್ಟುವುದೇ ಇಲ್ಲಿ.

ನಿಯಮ ಏನು ಹೇಳುತ್ತದೆ?

ದೇಶದಾದ್ಯಂತ ಅನ್ವಯವಾಗುವುದು 'ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000'. ಇವು 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದವು. ಬೆಳಗ್ಗೆ 6ರಿಂದ ರಾತ್ರಿ 10 ಹಗಲು, ರಾತ್ರಿ 10ರಿಂದ ಬೆಳಗ್ಗೆ 6 ರಾತ್ರಿ ಎಂದು ಲೆಕ್ಕ. ಪ್ರದೇಶವಾರು ಮಿತಿ ಹೀಗಿದೆ:

* ಕೈಗಾರಿಕಾ ಪ್ರದೇಶ: ಹಗಲು 75 ಡೆಸಿಬಲ್, ರಾತ್ರಿ 70
* ವಾಣಿಜ್ಯ ಪ್ರದೇಶ: ಹಗಲು 65, ರಾತ್ರಿ 55
* ವಸತಿ ಪ್ರದೇಶ: ಹಗಲು 55, ರಾತ್ರಿ 45
* ನಿಶ್ಶಬ್ದ ವಲಯ: ಹಗಲು 50, ರಾತ್ರಿ 40

ಆಸ್ಪತ್ರೆ, ಶಾಲೆ, ಕೋರ್ಟ್‌ಗಳ ಸುತ್ತ 100 ಮೀಟರ್‌ವರೆಗಿನ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯ ಎಂದು ಘೋಷಿಸಬಹುದು.

ಖಾಸಗಿ ಜಾಗದಲ್ಲಿ ಧ್ವನಿವರ್ಧಕ ಅಥವಾ ಸೌಂಡ್ ಸಿಸ್ಟಂ ಬಳಸಿದರೆ, ಆ ಜಾಗದ ಗಡಿಯಲ್ಲಿ ಅಳೆದಾಗ ಸದ್ದು ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚಿರಬಾರದು. ಅಂದರೆ ವಸತಿ ಪ್ರದೇಶದ ಪಬ್‌ನ ಕಾಂಪೌಂಡ್ ಬಳಿ ರಾತ್ರಿ 50 ಡೆಸಿಬಲ್ ಮೀರುವಂತಿಲ್ಲ. ಇಬ್ಬರು ಒಂದು ಮೀಟರ್ ದೂರದಲ್ಲಿ ನಿಂತು ಸಾಮಾನ್ಯವಾಗಿ ಮಾತಾಡಿದರೇ ಸುಮಾರು 60 ಡೆಸಿಬಲ್ ಆಗುತ್ತದೆ. ಮಿತಿ ಎಷ್ಟು ಬಿಗಿ ಎಂಬುದು ಇದರಿಂದಲೇ ಗೊತ್ತಾಗುತ್ತದೆ.

ರಾತ್ರಿ 10ರ ನಂತರ ಧ್ವನಿವರ್ಧಕ ಮಾತ್ರವಲ್ಲ, ಸಂಗೀತ ವಾದ್ಯವನ್ನೂ ಬಳಸುವಂತಿಲ್ಲ ಎನ್ನುತ್ತವೆ ಈ ನಿಯಮಗಳು. ಸಭಾಂಗಣ, ಸಮ್ಮೇಳನ ಕೊಠಡಿ, ಸಮುದಾಯ ಭವನ, ಔತಣಕೂಟದ ಹಾಲ್‌ನಂಥ ಮುಚ್ಚಿದ ಜಾಗಗಳಲ್ಲಿ, ಒಳಗಿನವರಿಗಷ್ಟೇ ಕೇಳುವಂತೆ ಬಳಸಲು ವಿನಾಯಿತಿ ಇದೆ. ತೆರೆದ ಟೆರೇಸ್ ಮೇಲಿನ ಪಬ್ ಈ ವಿನಾಯಿತಿ ಕೇಳುವುದು ಕಷ್ಟ. ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ಮಧ್ಯರಾತ್ರಿ 12ರವರೆಗೆ ಅವಕಾಶ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ.

2005ರ ಜುಲೈನಲ್ಲಿ ಶಬ್ದ ಮಾಲಿನ್ಯದ ಬಗ್ಗೆ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ನೆಮ್ಮದಿಯ ಬದುಕು ಸಂವಿಧಾನದ 21ನೇ ವಿಧಿಯಡಿ ಬರುವ ಹಕ್ಕು ಎಂದಿತು. ಅಭಿವ್ಯಕ್ತಿ ಸ್ವಾತಂತ್ರ್ಯದ ಹೆಸರಿನಲ್ಲಿ ಇನ್ನೊಬ್ಬರ ಕಿವಿಗೆ ಬಲವಂತವಾಗಿ ಸದ್ದು ತುರುಕುವ ಹಕ್ಕು ಯಾರಿಗೂ ಇಲ್ಲ ಎಂದೂ ಸ್ಪಷ್ಟಪಡಿಸಿತು.

ಡೆಸಿಬಲ್ ಲೆಕ್ಕ: ಮೀಟರ್ ಹೇಳದ ಕಥೆ

ಡೆಸಿಬಲ್ ಲೆಕ್ಕ ಕಿಲೋಮೀಟರ್, ಕೆಜಿ ಹಾಗಲ್ಲ. ಸದ್ದು 10 ಡೆಸಿಬಲ್ ಹೆಚ್ಚಾದರೆ ಅದರ ಶಕ್ತಿ 10 ಪಟ್ಟು ಹೆಚ್ಚಾದಂತೆ, ಕಿವಿಗೆ ಸುಮಾರು ಎರಡು ಪಟ್ಟು ಜೋರು ಎನ್ನಿಸುತ್ತದೆ. ಡ್ರಮ್ಸ್ ಸೇರಿದ ಬ್ಯಾಂಡ್ ಚಿಕ್ಕ ಹಾಲ್‌ನಲ್ಲಿ ನುಡಿಸಿದರೆ ಒಳಗೆ 100 ಡೆಸಿಬಲ್ ದಾಟುವುದು ಸಾಮಾನ್ಯ. ಗಡಿಯಲ್ಲಿ 50 ಇರಬೇಕೆಂದರೆ ಗೋಡೆ, ಬಾಗಿಲು, ಚಾವಣಿ ಸೇರಿ 50 ಡೆಸಿಬಲ್‌ನಷ್ಟು ಸದ್ದನ್ನು ತಡೆಯಬೇಕು.

ಎರಡೂ ಬದಿ ಗಾರೆ ಮಾಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಹೆಚ್ಚುಕಡಿಮೆ ಅಷ್ಟು ತಡೆಯುತ್ತದೆ. ಆದರೆ ಅದರಲ್ಲಿ ಒಂದು ಸಾಧಾರಣ ಗಾಜಿನ ಕಿಟಕಿ ಇದ್ದರೆ ಲೆಕ್ಕ ತಪ್ಪಿತು. ಒಂದು ಪದರದ ಗಾಜು ತಡೆಯುವುದು 25ರಿಂದ 30 ಡೆಸಿಬಲ್ ಅಷ್ಟೇ. ಬಾಗಿಲು ತೆರೆದರಂತೂ ಗೋಡೆ ಇದ್ದೂ ಇಲ್ಲದಂತೆ.

ಇನ್ನೊಂದು ಸಮಸ್ಯೆ ಬೇಸ್. ಗಾಯಕರ ದನಿ, ಗಿಟಾರ್ ಗೋಡೆಯಲ್ಲಿ ನಿಂತರೂ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್‌ನ 'ಧಂ ಧಂ' ಗೋಡೆ ದಾಟಿ ಪಕ್ಕದ ಮನೆಯ ಮಂಚದವರೆಗೂ ಬರುತ್ತದೆ. ನಿಯಮದಲ್ಲಿ ಹೇಳಿರುವ 'ಎ' ಮಾಪನ ಮನುಷ್ಯನ ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ್ದು, ಕೆಳ ಸ್ಥಾಯಿಯ ಸದ್ದನ್ನು ಕಡಿಮೆ ಲೆಕ್ಕ ಹಾಕುತ್ತದೆ. ಹೀಗಾಗಿ ಮೀಟರ್‌ನಲ್ಲಿ ಮಿತಿಯೊಳಗೆ ಇದ್ದರೂ ನಿವಾಸಿಗಳಿಗೆ ನಿದ್ದೆ ಬರದಿರಬಹುದು. ಪಬ್‌ನವರು 'ಮಿತಿ ಮೀರಿಲ್ಲ' ಎನ್ನುವುದೂ ನಿಜ, ಮನೆಯವರು 'ಎದೆ ನಡುಗುತ್ತದೆ' ಎನ್ನುವುದೂ ನಿಜ.

ಬೆಂಗಳೂರಿನಲ್ಲಿ ನಡೆದದ್ದು: 'ಲೈವ್ ಬ್ಯಾಂಡ್' ಎಂಬ ಹಣೆಪಟ್ಟಿ

ಸದ್ದಿನ ಜಗಳದಲ್ಲಿ ಮೊದಲು ಬಲಿಯಾಗುವುದು ಲೈವ್ ಸಂಗೀತವೇ ಎಂಬುದಕ್ಕೆ ಬೆಂಗಳೂರು ಸ್ಪಷ್ಟ ಉದಾಹರಣೆ. ಕನ್ನಡ ಪತ್ರಿಕೆಗಳಲ್ಲಿ ಬಹುಕಾಲ 'ಲೈವ್ ಬ್ಯಾಂಡ್' ಎಂಬ ಪದ ಕಾಣಿಸುತ್ತಿದ್ದದ್ದು ಕ್ರೈಂ ಸುದ್ದಿಗಳಲ್ಲಿ. ಹಾಡು, ಕುಣಿತದ ಹೆಸರಿನಲ್ಲಿ ನಡೆಯುತ್ತಿದ್ದ ಬಾರ್‌ಗಳ ಮೇಲೆ ಪೊಲೀಸ್ ದಾಳಿ ಎಂದರೆ ಓದುಗರಿಗೆ ನೆನಪಾಗುತ್ತಿದ್ದದ್ದು ಆ ಪದ. ಅಂಥ ಜಾಗಗಳನ್ನು ನಿಯಂತ್ರಿಸಲು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ 2005ರಲ್ಲಿ ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳ ಲೈಸೆನ್ಸ್ ಆದೇಶ ಬಂತು. ಕ್ಯಾಬರೆ, ಡಿಸ್ಕೊಥೆಕ್, ಲೈವ್ ಬ್ಯಾಂಡ್ ಎಲ್ಲವೂ ಅದರ ವ್ಯಾಪ್ತಿಗೆ ಬಂದವು.

ಇದನ್ನು ಪ್ರಶ್ನಿಸಿ ಲೈವ್ ಬ್ಯಾಂಡ್ ರೆಸ್ಟೋರೆಂಟ್‌ಗಳ ಸಂಘ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2018ರ ಜನವರಿಯಲ್ಲಿ ಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷವೇ ನಗರ ಪೊಲೀಸರು ಲೈಸೆನ್ಸ್ ಇಲ್ಲದ ಪಬ್, ರೆಸ್ಟೋರೆಂಟ್‌ಗಳಲ್ಲಿ ಸಂಗೀತ ನಿಲ್ಲಿಸಲು ಮುಂದಾದರು. ಜಾಝ್ ನುಡಿಸುವ ಮೂವರು, ಕನ್ನಡ ರಾಕ್ ಹಾಡುವ ಹುಡುಗರು, ಒಬ್ಬಂಟಿ ಗಿಟಾರ್ ಗಾಯಕಿ ಎಲ್ಲರೂ ಅದೇ ಹಣೆಪಟ್ಟಿಯಡಿ ಬಂದರು.

ಲೈಸೆನ್ಸ್ ತೆಗೆದುಕೊಳ್ಳಬಹುದಲ್ಲ ಎನ್ನಬಹುದು. ಅದಕ್ಕೆ ಕಟ್ಟಡದ ಒಸಿ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಸೇರಿದಂತೆ ಹಲವು ದಾಖಲೆ ಬೇಕು. ಮನೆಯನ್ನೇ ಪಬ್ ಮಾಡಿಕೊಂಡ ಎಷ್ಟೋ ಕಟ್ಟಡಗಳಲ್ಲಿ ಅವು ಇರಲೇ ಇಲ್ಲ. ಇಂದಿರಾನಗರದ 12ನೇ ಮೇನ್‌ನಲ್ಲಿ 2013ರಲ್ಲಿ ಶುರುವಾಗಿ, ದೇಶದ ಸ್ವತಂತ್ರ ಬ್ಯಾಂಡ್‌ಗಳ ಅಚ್ಚುಮೆಚ್ಚಿನ ವೇದಿಕೆಯಾಗಿದ್ದ 'ದಿ ಹಮ್ಮಿಂಗ್ ಟ್ರೀ' 2019ರಲ್ಲಿ ಮುಚ್ಚಿತು.

ಪಬ್‌ಗೆ ಲೈವ್ ಸಂಗೀತ ಬಿಟ್ಟರೂ ವ್ಯಾಪಾರ ನಡೆಯುತ್ತದೆ. ಬಿಯರ್, ಊಟ, ಟಿವಿಯಲ್ಲಿ ಕ್ರಿಕೆಟ್ ಸಾಕು. ಆದರೆ ಹೊಸ ಹಾಡು ಕಟ್ಟುವ ಬ್ಯಾಂಡ್‌ಗೆ ನೂರಿನ್ನೂರು ಜನ ನಿಂತು ಕೇಳುವ ಜಾಗ ಬಿಟ್ಟರೆ ಬೇರೆ ದಾರಿ ಇಲ್ಲ. ದೊಡ್ಡ ಮೈದಾನದ ಶೋ ಸಿಗುವುದು ಹೆಸರು ಮಾಡಿದ ಮೇಲೆ.

ಹಾಗಾದರೆ ಮೊದಲು ಬಂದವರು ಯಾರು?

ವಿದೇಶದ ಸುದ್ದಿಗಳಲ್ಲಿ ಕಥೆ ಹೀಗಿರುತ್ತದೆ: ಹಳೆಯ ಸಂಗೀತ ಪಬ್, ಪಕ್ಕದಲ್ಲಿ ಹೊಸ ಅಪಾರ್ಟ್‌ಮೆಂಟ್, ಹೊಸಬರ ದೂರು, ಪಬ್ ಬಂದ್. ನಮ್ಮ ನಗರಗಳಲ್ಲಿ ಇದು ಹೆಚ್ಚಾಗಿ ತಲೆಕೆಳಗು. ಇಂದಿರಾನಗರ ಬಿಡಿಎ ರೂಪಿಸಿದ ವಸತಿ ಬಡಾವಣೆ. ಅಲ್ಲಿನ ಡಿಫೆನ್ಸ್ ಕಾಲೊನಿಯ ಹೆಸರೇ ಅದನ್ನು ಹೇಳುತ್ತದೆ. 2007ರಲ್ಲಿ ಜಾರಿಗೆ ಬಂದ 'ಪರಿಷ್ಕೃತ ಮಾಸ್ಟರ್ ಪ್ಲಾನ್ 2015' ಅಗಲ ರಸ್ತೆಗಳಲ್ಲಿ ಮಿಶ್ರ ಬಳಕೆಗೆ ದಾರಿ ಮಾಡಿಕೊಟ್ಟಿತು. ಪಬ್‌ಗಳು ಸಾಲುಗಟ್ಟಿದವು. ಇಲ್ಲಿ ಹೊಸ ನೆರೆಯವರು ಎಂದರೆ ಪಬ್‌ಗಳೇ.

ಹಾಗೆಂದು ದೂರು ಬರುವುದು ಪಬ್ ಮೇಲೆ ಮಾತ್ರವಲ್ಲ. ಹೈದರಾಬಾದಿನ ಬಂಜಾರಾ ಹಿಲ್ಸ್‌ನಲ್ಲಿ 2010ರಲ್ಲಿ ಶುರುವಾದ 'ಲಾಮಕಾನ್' ಮದ್ಯವಿಲ್ಲದ ಸಾಂಸ್ಕೃತಿಕ ಜಾಗ. ನಾಟಕ, ಸಂಗೀತ, ಚರ್ಚೆಗಳಿಗೆ ಹೆಸರಾದದ್ದು. ನೆರೆಹೊರೆಯವರ ಆಕ್ಷೇಪದ ಹಿನ್ನೆಲೆಯಲ್ಲಿ 2015ರಲ್ಲಿ ಪಾಲಿಕೆಯ ನೋಟಿಸ್ ಬಂದು ಮುಚ್ಚುವ ಆತಂಕ ಎದುರಿಸಿತು. ಜನಬೆಂಬಲದಿಂದ ಉಳಿದುಕೊಂಡಿತು.

ಕಾನೂನು ಈ ಸರದಿಗೆ ಬೆಲೆ ಕೊಡುತ್ತದೆಯೇ? ಇಲ್ಲ. 1879ರಲ್ಲಿ ಇಂಗ್ಲೆಂಡಿನಲ್ಲಿ 'ಸ್ಟರ್ಜಸ್ ವಿರುದ್ಧ ಬ್ರಿಡ್ಜ್‌ಮನ್' ಎಂಬ ಪ್ರಕರಣ ನಡೆಯಿತು. ಮಿಠಾಯಿ ತಯಾರಕರೊಬ್ಬರು ದಶಕಗಳಿಂದ ಒರಳಿನಲ್ಲಿ ಕುಟ್ಟುತ್ತಿದ್ದರು. ಪಕ್ಕದ ವೈದ್ಯರು ಹಿತ್ತಲಲ್ಲಿ ಹೊಸದಾಗಿ ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿ, ಸದ್ದಿನ ಬಗ್ಗೆ ಕೋರ್ಟಿಗೆ ಹೋದರು. ಗೆದ್ದದ್ದು ವೈದ್ಯರು. 'ಸದ್ದಿದ್ದ ಜಾಗಕ್ಕೆ ನೀವೇ ಬಂದಿರಿ' ಎಂಬ ವಾದ ನಿಲ್ಲಲಿಲ್ಲ. ಭಾರತದ ಅಪಕೃತ್ಯ ಕಾನೂನು ಬೆಳೆದದ್ದೂ ಇದೇ ಬೇರಿನಿಂದ. 2000ದ ಶಬ್ದ ನಿಯಮಗಳೂ ಕೇಳುವುದು ಯಾವ ವಲಯ, ಯಾವ ಹೊತ್ತು, ಎಷ್ಟು ಡೆಸಿಬಲ್, ಅನುಮತಿ ಇದೆಯೇ ಎಂಬ ನಾಲ್ಕು ಪ್ರಶ್ನೆ ಮಾತ್ರ.

ಬದಲಾವಣೆ ತಂದವರೇ ಖರ್ಚು ಹೊರಬೇಕು

ಆಸ್ಟ್ರೇಲಿಯಾದ ಮೆಲ್ಬರ್ನ್ ಈ ಪ್ರಶ್ನೆಗೆ ಬೇರೆ ಉತ್ತರ ಹುಡುಕಿತು. 2010ರಲ್ಲಿ ಅಲ್ಲಿನ 'ದಿ ಟೋಟ್' ಎಂಬ ಸಂಗೀತ ಪಬ್ ಮುಚ್ಚಿದಾಗ ಸಾವಿರಾರು ಜನ ಬೀದಿಗಿಳಿದರು. ಅಲ್ಲಿ ಮುಖ್ಯ ಸಿಟ್ಟು ಇದ್ದದ್ದು ಲೈಸೆನ್ಸ್ ಷರತ್ತುಗಳ ಮೇಲೆ. ಆದರೆ ಅದರಿಂದ ಸಣ್ಣ ವೇದಿಕೆಗಳನ್ನು ಉಳಿಸುವ ಚರ್ಚೆ ಜೋರಾಯಿತು. 2014ರಲ್ಲಿ ವಿಕ್ಟೋರಿಯಾ ರಾಜ್ಯ 'ಏಜೆಂಟ್ ಆಫ್ ಚೇಂಜ್' ತತ್ವವನ್ನು ನಗರ ಯೋಜನಾ ನಿಯಮದಲ್ಲಿ ಸೇರಿಸಿತು. ಅರ್ಥ ಸರಳ: ಇರುವ ಪರಿಸ್ಥಿತಿಯನ್ನು ಯಾರು ಬದಲಿಸುತ್ತಾರೋ ಅವರೇ ಸದ್ದು ತಡೆಯುವ ಹೊಣೆ ಮತ್ತು ಖರ್ಚು ಹೊರಬೇಕು. ಹಳೆಯ ವೇದಿಕೆಯ ಪಕ್ಕ ಅಪಾರ್ಟ್‌ಮೆಂಟ್ ಕಟ್ಟಿದರೆ ದಪ್ಪ ಗಾಜು ಹಾಕಿಸುವುದು ಬಿಲ್ಡರ್ ಕೆಲಸ. ಹಳೆಯ ಮನೆಗಳ ನಡುವೆ ವೇದಿಕೆ ತೆರೆದರೆ ಗೋಡೆ ಗಟ್ಟಿ ಮಾಡುವುದು ವೇದಿಕೆಯವರ ಕೆಲಸ.

ಲಂಡನ್‌ನಲ್ಲಿ 1991ರಿಂದ ನಡೆಯುತ್ತಿರುವ 'ಮಿನಿಸ್ಟ್ರಿ ಆಫ್ ಸೌಂಡ್' ಕ್ಲಬ್ ಎದುರು ಬಹುಮಹಡಿ ವಸತಿ ಕಟ್ಟಡ ಬರುವುದಿತ್ತು. ವರ್ಷಗಳ ಜಟಾಪಟಿ ನಂತರ, ಕ್ಲಬ್‌ನ ಸದ್ದನ್ನು ಒಪ್ಪಿಕೊಂಡೇ ಮನೆ ಕೊಳ್ಳುವ ಕರಾರಿನೊಂದಿಗೆ ರಾಜಿಯಾಯಿತು. ಇಂಗ್ಲೆಂಡ್ 2018ರಲ್ಲಿ ಈ ತತ್ವವನ್ನು ರಾಷ್ಟ್ರೀಯ ಯೋಜನಾ ನೀತಿಯಲ್ಲಿ ಸೇರಿಸಿತು. ಆದರೂ ಜಗಳ ಮುಗಿದಿಲ್ಲ. ಮ್ಯಾಂಚೆಸ್ಟರ್‌ನಲ್ಲಿ 1991ರಿಂದ ಇರುವ 'ನೈಟ್ ಅಂಡ್ ಡೇ' ಕೆಫೆಗೆ ಪಕ್ಕದ ಫ್ಲ್ಯಾಟ್‌ನ ದೂರಿನ ಮೇಲೆ 2021ರಲ್ಲಿ ಶಬ್ದ ನಿಯಂತ್ರಣದ ನೋಟಿಸ್ ಬಂದು, ವಿಷಯ ಕೋರ್ಟ್ ಹತ್ತಿತು.

ಈ ತತ್ವವನ್ನು ಜುಬಿಲಿ ಹಿಲ್ಸ್‌ಗೋ ಇಂದಿರಾನಗರಕ್ಕೋ ತಂದರೆ ಏನಾಗುತ್ತದೆ? ಪಬ್‌ಗಳಿಗೆ ಸುಲಭವಾಗಿ ಗೆಲುವು ಸಿಗುವುದಿಲ್ಲ. ವಸತಿ ಬಡಾವಣೆಗೆ ಬಂದ ಹೊಸಬರು ಅವರೇ ಆದ್ದರಿಂದ ಖರ್ಚು ಅವರ ತಲೆ ಮೇಲೆಯೇ ಬೀಳುತ್ತದೆ. ಆದರೆ ಒಂದು ದೊಡ್ಡ ಲಾಭವಿದೆ. ಸದ್ದು ತಡೆಯುವ ಕೆಲಸ ಲೈಸೆನ್ಸ್ ಕೊಡುವ ಮೊದಲೇ ಆಗುತ್ತದೆ. ಈಗ ಲೈಸೆನ್ಸ್ ಮೊದಲು, ವ್ಯಾಪಾರ ಆಮೇಲೆ, ದೂರು ಅದರ ನಂತರ, ಕೊನೆಗೆ ಕೋರ್ಟ್ ಎಂಬಂತಾಗಿದೆ. ಅಷ್ಟರಲ್ಲಿ ಉಳಿಯುವ ಒಂದೇ ಪರಿಹಾರ ಸ್ವಿಚ್ ಆಫ್. ಮಾದಾಪುರ, ವೈಟ್‌ಫೀಲ್ಡ್‌ನಂಥ ಕಡೆ ಇರುವ ವೇದಿಕೆಯ ಪಕ್ಕ ಹೊಸ ಅಪಾರ್ಟ್‌ಮೆಂಟ್ ಎದ್ದರೆ, ಅಲ್ಲಿ ಬಿಲ್ಡರ್ ಕೂಡ ಇದೇ ಲೆಕ್ಕಕ್ಕೆ ಸಿಗುತ್ತಾರೆ.

ನಿವಾಸಿಗಳು ಏನು ಮಾಡಬಹುದು?

* ರಾತ್ರಿ ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಮರುದಿನ ಹೇಳಿದರೆ ಅಳೆಯಲು ಸದ್ದೇ ಇರುವುದಿಲ್ಲ.
* ದಿನಾಂಕ, ಸಮಯ, ಎಷ್ಟು ಹೊತ್ತು ಎಂದು ಬರೆದಿಡುವುದು ಮುಖ್ಯ. ಮೊಬೈಲ್ ಆ್ಯಪ್‌ನ ಅಳತೆ ಅಂದಾಜಿಗೆ ಸರಿ, ಅಧಿಕೃತ ಅಳತೆ ಅಧಿಕಾರಿಗಳ ಮೀಟರ್‌ನಿಂದಲೇ ಆಗಬೇಕು.
* ಹಗಲಿನಲ್ಲಿ ಸದ್ದು ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದ್ದರೆ, ರಾತ್ರಿಯಾದರೆ ನಿರ್ಬಂಧ ಉಲ್ಲಂಘನೆಯಾಗಿದ್ದರೆ, ಶಬ್ದ ನಿಯಮಗಳಡಿ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಜಿಲ್ಲಾಧಿಕಾರಿ, ಪೊಲೀಸ್ ಕಮಿಷನರ್ ಅಥವಾ ನೇಮಿಸಿದ ಡಿವೈಎಸ್ಪಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಈ ಪ್ರಾಧಿಕಾರ.
* ಸಾರ್ವಜನಿಕ ಉಪದ್ರವ ತೆಗೆಸಲು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್‌ಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್‌ನಡಿ ಅಧಿಕಾರವಿದೆ.

ಶಿಕ್ಷೆಯ ವಿಷಯದಲ್ಲಿ ಎರಡು ತುದಿ ಇದೆ. ಭಾರತೀಯ ನ್ಯಾಯ ಸಂಹಿತೆಯ 292ನೇ ಸೆಕ್ಷನ್‌ನಡಿ ಸಾರ್ವಜನಿಕ ಉಪದ್ರವಕ್ಕೆ ದಂಡ ಗರಿಷ್ಠ 1,000 ರೂಪಾಯಿ, ಒಂದು ಟೇಬಲ್‌ನ ಬಿಲ್‌ಗಿಂತಲೂ ಕಡಿಮೆ. ಆದರೆ ಪರಿಸರ ಸಂರಕ್ಷಣಾ ಕಾಯ್ದೆಯಡಿ, 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿ ಪ್ರಕಾರ, 10 ಸಾವಿರದಿಂದ 15 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು.

ಪಬ್‌ನವರು ಏನು ಮಾಡಬಹುದು?

* ಬಾಗಿಲು ತೆರೆದಾಗ ಸದ್ದು ಹೊರಹೋಗದಂತೆ ಎರಡು ಬಾಗಿಲಿನ ನಡುಕೋಣೆ ಮಾಡಿಸುವುದು.
* ವೇದಿಕೆಯನ್ನು ಮನೆಗಳಿರುವ ದಿಕ್ಕಿಗೆ ತಿರುಗಿಸದೆ ಒಳಭಾಗಕ್ಕೆ ಇಡುವುದು. ಟೆರೇಸ್ ಮೇಲೆ ಡ್ರಮ್ಸ್ ಇಡದಿರುವುದು.
* ಸಬ್‌ವೂಫರ್ ಅನ್ನು ನೆಲಕ್ಕೆ ನೇರವಾಗಿ ಇಡದೆ ಕಂಪನ ತಡೆಯುವ ಪ್ಯಾಡ್ ಮೇಲೆ ಇಡುವುದು. ಒಂದು ಮಟ್ಟ ಮೀರದಂತೆ ಸೌಂಡ್ ಲಿಮಿಟರ್ ಹಾಕುವುದು.
* ಬ್ಯಾಂಡ್ ಕಾರ್ಯಕ್ರಮವನ್ನು ಸಂಜೆ 7ಕ್ಕೇ ಶುರು ಮಾಡಿ 10ರೊಳಗೆ ಮುಗಿಸುವುದು.
* ನಿವಾಸಿಗಳ ಸಂಘಕ್ಕೆ ಮ್ಯಾನೇಜರ್ ಒಬ್ಬರ ಫೋನ್ ನಂಬರ್ ಕೊಡುವುದು. ಪೊಲೀಸರಿಗೆ ಹೋಗುವ ಮೊದಲ ಕರೆ ಅಲ್ಲಿಗೆ ಬಂದರೆ ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ.

ಇವುಗಳಲ್ಲಿ ಕಾರ್ಯಕ್ರಮದ ಹೊತ್ತು ಬದಲಿಸುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಸಂಜೆ ಏಳರಿಂದ ಹತ್ತರವರೆಗೆ ಮೂರು ಗಂಟೆ, ಎರಡು ಬ್ಯಾಂಡ್‌ಗಳಿಗೆ ಧಾರಾಳ. ಅದಕ್ಕಿಂತ ತಡವಾಗಿ ನುಡಿಸಲೇಬೇಕು ಎನ್ನುವವರು ಗೋಡೆಗೆ ದುಡ್ಡು ಹಾಕಬೇಕು. ಲೈಸೆನ್ಸ್ ಕೊಡುವ ಕಚೇರಿಗಳು ಸಹಿ ಹಾಕುವ ಮೊದಲೇ ಆ ಗೋಡೆಯನ್ನು ನೋಡಿ ಬಂದರೆ, ನಾಂಪಲ್ಲಿಯ ಕೋರ್ಟಿನವರೆಗೆ ಬರುವ ಕೇಸುಗಳಲ್ಲಿ ಹಲವು ಹುಟ್ಟುವುದೇ ಇಲ್ಲ.